ಬಲಗಣ್ಣು ಮುಚ್ಚಿದರೆ ಇವಳಿಗೆ ಫೋನ್

ಮಾರ್ಚ್ 4, ಬುಧವಾರ. ಬೆಳಿಗ್ಗೆ, ಅಂಗಡಿ

ಶಟರ್ ಎತ್ತಿದೆ. ಗೋಡೆ ಗಡಿಯಾರಗಳಿಗೆ ಕೀ ಕೊಟ್ಟೆ. ಬೆಂಚು ಒರೆಸಿ ಚಿಮುಟಗಳನ್ನು ಸಾಲಾಗಿ ಇಟ್ಟೆ. ಗಿರಾಕಿ ಇನ್ನೂ ಬಂದಿಲ್ಲ. ಹಾಗಾಗಿ ಇದು.

ಇವಳು ಇವತ್ತೂ ಮಾತಾಡಲಿಲ್ಲ. ಭಾನುವಾರದಿಂದ ಹೀಗೇ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಉಂಡದ್ದಾಯಿತು, ಮಲಗಿದ್ದಾಯಿತು, ಎದ್ದು ಮತ್ತೆ ಉಂಡದ್ದೂ ಆಯಿತು. ಗಾದೆ ಕಟ್ಟಿದವನಿಗೆ ಇವಳಂಥ ಹೆಂಡತಿ ಇರಲಿಲ್ಲ, ಅಷ್ಟೇ.

ಜಗಳ ನನ್ನ ಬಲಗಣ್ಣಿನದು. ಶನಿವಾರ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಪೊರೆ ಬಂದಿದೆ, ಆಪರೇಷನ್ ಮಾಡಿ ತೆಗೆಯಬೇಕು, ತಡ ಮಾಡಬೇಡಿ ಎಂದರು. ನೋಡೋಣ ಎಂದೆ. ಮರುದಿನ, ಯಾವಾಗ ಎಂದು ಕೇಳಿದಳು. ನನ್ನ ಕಣ್ಣು, ನನ್ನಿಷ್ಟ ಎಂದುಬಿಟ್ಟೆ. ಕೈಯಲ್ಲಿದ್ದ ಲೋಟ ಕೆಳಗಿಟ್ಟು ಬಹಳ ಸಮಾಧಾನವಾಗಿ ಹೇಳಿದಳು: "ಆಯ್ತು. ಆಪರೇಷನ್ ಮಾಡಿಸ್ಕೊಳ್ಳೋ ತನಕ ನಿಮ್ಮ ಹತ್ರ ನಂಗೆ ಮಾತಿಲ್ಲ." ಕೂಗಾಡಿದ್ದರೆ ಹೆದರುತ್ತಿರಲಿಲ್ಲ. ಸಮಾಧಾನವಾಗಿ ಹೇಳಿದ್ದನ್ನು ಇವಳು ಯಾವತ್ತೂ ತಪ್ಪಿದವಳಲ್ಲ.

ಆದರೆ ಮನೆ ನಡೆಯಬೇಕಲ್ಲ. ಅಡುಗೆಮನೆ ಕಿಟಕಿಯಲ್ಲಿ ಒಂದು ಕಳ್ಳಿಗಿಡ ಇದೆ. ಇವಳ ನರ್ಸರಿಯಿಂದಲೇ ಬಂದದ್ದು — ಎರಡು ರಸ್ತೆ ಆಚೆ ಸಸಿ ಮಾರುತ್ತಾಳೆ, ದಿನವಿಡೀ ಮಣ್ಣಲ್ಲೇ ಕೈ. ಈಗ ಏನಿದ್ದರೂ ಆ ಕಳ್ಳಿಗೆ ಹೇಳುತ್ತಾಳೆ. "ತಿಂಡಿ ಮೇಜಿನ ಮೇಲಿದೆ ಅಂತ ಹೇಳು ಅವರಿಗೆ." ನಾನೂ ಕಳ್ಳಿಗೇ ಹೇಳಿದೆ, "ಉಪ್ಪು ಕಮ್ಮಿ ಅಂತ ಹೇಳು." ತಕ್ಷಣ ಕಳ್ಳಿಗೆ ಉತ್ತರ ಬಂತು: "ಉಪ್ಪಿನ ಡಬ್ಬಿ ಅವರ ಬಲಗಡೆನೇ ಇದೆ ಅಂತ ಹೇಳು. ಕಂಡ್ರೆ ಹಾಕ್ಕೊಳ್ಲಿ."

ಡಬ್ಬಿ ಇತ್ತು. ಬಲಗಡೆಯೇ ಇತ್ತು. ಕಂಡಿರಲಿಲ್ಲ.

ಯಾಕೆ ಬೇಡ ಎನ್ನುತ್ತಿದ್ದೇನೆಂದು ಇವಳಿಗೆ ಹೇಳಿಲ್ಲ. ಇಲ್ಲಿ ಬರೆಯಲೂ ಮನಸ್ಸಿಲ್ಲ.

ಅದೇ ದಿನ, ಮಧ್ಯಾಹ್ನ

ಮಾನ ಹೋಯಿತು. ಪಕ್ಕದ ಮೊಬೈಲ್ ರಿಪೇರಿಯವಳು ನೋಡಿಬಿಟ್ಟಳು.

ಆದದ್ದು ಇಷ್ಟು. ಗಡಿಯಾರ ಬಿಚ್ಚುವಾಗ ಒಂದೊಂದು ಭಾಗ ತೆಗೆದಾಗಲೂ ಫೋನಿನಲ್ಲಿ ಫೋಟೋ ಹೊಡೆದಿಡುತ್ತೇನೆ. ಜೋಡಿಸುವಾಗ ದೊಡ್ಡದು ಮಾಡಿ ನೋಡಬೇಕು. ಮೊದಲು ಇದೆಲ್ಲ ಬೇಕಿರಲಿಲ್ಲ, ಈಗ ಬೇಕು. ಆದರೆ ಎರಡೂ ಕೈಯಲ್ಲಿ ಚಿಮುಟ. ಬೆರಳಿಗೆ ರಬ್ಬರ್ ಟೋಪಿ. ರಬ್ಬರಿಗೆ ಸ್ಕ್ರೀನ್ ಜಗ್ಗುವುದಿಲ್ಲ. ಹಾಗಾಗಿ ಬಗ್ಗಿ ಮೂಗಿನಿಂದ ಫೋಟೋ ಸರಿಸುತ್ತಿದ್ದೆ.

"ಅಂಕಲ್, ಫೋನಿಗೆ ಮುತ್ತು ಕೊಡ್ತಿದೀರಾ?"

ನಮ್ಮಿಬ್ಬರ ಅಂಗಡಿಗೆ ನಡುವೆ ಇರುವುದು ಒಂದು ಪ್ಲೈವುಡ್ಡು. ಅದಕ್ಕೊಂದು ಕಿಟಕಿ ಬೇರೆ ಕೊರೆಸಿದ್ದಾಳೆ, ಟೀ ಲೋಟ ದಾಟಿಸಲಿಕ್ಕೆ. ನಕ್ಕು ನಕ್ಕು ಕೆಮ್ಮು ಬಂತು ಅವಳಿಗೆ. ಆಮೇಲೆ ಫೋನು ಇಸಿದುಕೊಂಡಳು. "ಕೈ ಯಾಕೆ, ಮೂಗು ಯಾಕೆ? ಮುಂದಿನ ಕ್ಯಾಮೆರಾ ನಿಮ್ಮ ಮುಖ ನೋಡ್ಕೊಂಡೇ ಎಲ್ಲಾ ಮಾಡತ್ತೆ. ನಾಳೆ ಕೊಡ್ತೀನಿ."

ಮಾರ್ಚ್ 5, ಗುರುವಾರ

ಈ ವಯಸ್ಸಿನಲ್ಲಿ ಫೋನಿನ ಮುಂದೆ ಕೂತು ಮುಖ ಕಿವುಚುವುದನ್ನು ಕಲಿತೆ.

ಫೋನು ಸ್ಟ್ಯಾಂಡಿನಲ್ಲಿ, ನನ್ನ ಎದುರಿಗೆ. ತಲೆ ಬಲಕ್ಕೆ ವಾಲಿಸಿದರೆ ಮುಂದಿನ ಫೋಟೋ. ಎಡಕ್ಕೆ, ಹಿಂದಿನದು. ಹುಬ್ಬು ಎತ್ತಿದರೆ ದೊಡ್ಡದಾಗುತ್ತದೆ. ಬಾಯಿ ತೆರೆದರೆ ಚಿಕ್ಕದು. ಬಲಗಣ್ಣು ಸ್ವಲ್ಪ ಹೊತ್ತು ಗಟ್ಟಿಯಾಗಿ ಮುಚ್ಚಿದರೆ ಇವಳಿಗೆ ಫೋನ್ ಹೋಗುತ್ತದಂತೆ, ತಾನಾಗಿ ಸ್ಪೀಕರಿನಲ್ಲಿ. "ಒಬ್ರೇ ಇರ್ತೀರಿ. ಎಮರ್ಜೆನ್ಸಿಗೆ ಇರ್ಲಿ" ಎಂದಳು ಮೊಬೈಲಿನವಳು. ಎಡಗಣ್ಣು ಒಂದನ್ನೇ ಮುಚ್ಚಲು ನನಗೆ ಬರುವುದಿಲ್ಲ, ಅದಕ್ಕೇ ಬಲ. ಎಮರ್ಜೆನ್ಸಿ ಬಂದರೆ ಇವಳು ಕಳ್ಳಿಯ ಹತ್ತಿರ ಕೇಳಿ ಬರಬೇಕಾದೀತು ಎಂದುಕೊಂಡೆ. ಹೇಳಲಿಲ್ಲ.

ಕಣ್ಣಿನಾಸ್ಪತ್ರೆಯ ನರ್ಸಮ್ಮ ಬಂದರು. ಎದೆಗೆ ಸಿಕ್ಕಿಸುವ ಗಡಿಯಾರ, ಸೆಕೆಂಡಿನ ಮುಳ್ಳು ನಿಂತಿದೆ. ಅದನ್ನು ನೋಡಿಯೇ ಅವರು ನಾಡಿ ಎಣಿಸುವುದು. ಫೋನಿನ ಮುಂದೆ ಹುಬ್ಬೆತ್ತಿ, ಬಾಯಿ ತೆರೆದು, ತಲೆ ವಾಲಿಸಿ ಕೂತಿದ್ದವನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. "ಮೈಯಲ್ಲಿ ಹುಷಾರಿದೀರಲ್ವಾ?" ಎಂದರು.

ಕೆಲಸ ಮಾತ್ರ ಚೆನ್ನಾಗಿ ಆಗುತ್ತಿದೆ, ಒಪ್ಪಬೇಕು. ಒಂದೊಂದಕ್ಕೂ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿತ್ತು. ಗಡಿಯಾರದ ಅಂಗಡಿಯಲ್ಲಿ ಇದರದ್ದೊಂದು ಕಮ್ಮಿ. ವಾಲ್ಯೂಮ್ ತಗ್ಗಿಸಿದೆ.

ಮಾರ್ಚ್ 7, ಶನಿವಾರ. ಬೆಳಿಗ್ಗೆ

ಒಂದು ವಿಚಿತ್ರ.

ನಿನ್ನೆ ಅಂಗಡಿಯಲ್ಲಿ ಒಂದು ಸ್ಕ್ರೂ ಬಿತ್ತು. ಸಾಸಿವೆಗಿಂತ ಚಿಕ್ಕದು. ಬೆಂಚಿನ ಕೆಳಗೆ ಮಂಡಿಯೂರಿ ತಡಕಾಡಿದೆ. ಬಾಯಿ ಸುಮ್ಮನಿರುವುದಿಲ್ಲ ನನ್ನದು, ಕೆಲಸ ಮಾಡುವಾಗ ಗಡಿಯಾರದ ಜೊತೆ, ಸ್ಕ್ರೂ ಜೊತೆ ಮಾತಾಡುತ್ತಲೇ ಇರುತ್ತೇನೆ. ಬಾ ಮರಿ, ಎಲ್ಲಿದೀಯ, ನಂಗೆ ಕಾಣಲ್ಲ ಕಣೋ, ನೀನೇ ಬಾ — ಹೀಗೆ ಏನೇನೋ. ಕೊನೆಗೆ ಆಯಸ್ಕಾಂತ ಆಡಿಸಿ ತೆಗೆದೆ.

ಇವತ್ತು ತಿಂಡಿ ಬಡಿಸುತ್ತ ಇವಳು ಕಳ್ಳಿಗೆ ಹೇಳಿದಳು: "ಸ್ಕ್ರೂ ಸಿಕ್ತಾ ಅಂತ ಕೇಳು ಅವರನ್ನ."

ಇವಳಿಗೆ ಹೇಗೆ ಗೊತ್ತು? ಮೊಬೈಲಿನವಳೇ ಚಾಡಿ ಹೇಳಿರಬೇಕು. ಕೇಳಿದರೆ ನಾನೇನೂ ಹೇಳಿಲ್ಲ ಎಂದು ಆಣೆ ಮಾಡಿದಳು. ಕಳ್ಳಿಯಂತೂ ಅಲ್ಲ.

ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ ಆಗುತ್ತಿದೆ. ಸ್ಕ್ರೀನಿನ ಮೇಲ್ತುದಿಗೆ ಒಂದು ಹಸಿರು ಪಟ್ಟಿ ಬೇರೆ ಬಂದು ಕೂರುತ್ತದೆ. ಏನೋ ಬರೆದಿರುತ್ತದೆ, ಓದಲು ಆಗುವುದಿಲ್ಲ. ಈಗಿನ ಫೋನಿಗೆ ಅಲಂಕಾರ ಜಾಸ್ತಿ.

ಮಾರ್ಚ್ 9, ಸೋಮವಾರ. ನಾಲ್ಕು ಗಂಟೆ

ಬರೆದೇ ತೀರಬೇಕು.

ಮೂರರ ಹೊತ್ತಿಗೆ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಎದುರಿನ ಪ್ರೆಸ್ಸಿನ ಮೆಷಿನ್ ನಿಂತಿತು. ರಸ್ತೆಯೇ ಉಸಿರು ಬಿಗಿಹಿಡಿದ ಹಾಗೆ. ಬಲಗಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡು ಕೂತಿದ್ದೆ — ಗಡಿಯಾರದವರು ಕಣ್ಣಿಗೆ ಹಾಕಿಕೊಳ್ಳುವ ಕಪ್ಪು ಬಟ್ಟಲಿನಂಥ ಭೂತಗನ್ನಡಿ. ಆಗ ಫೋನಿನೊಳಗಿಂದ ಸಣ್ಣಗೆ ಇವಳ ದನಿ.

"ದಿನಾ ನೀರು ಹಾಕಿ ಕೊಲ್ಬೇಡಿ. ಬೆರಳು ಮಣ್ಣಿಗಿಟ್ಟು ನೋಡಿ, ಒಣಗಿದ್ರೆ ಹಾಕಿ. ಪ್ರೀತಿ ಇದೆ ಅಂತ ಕುತ್ತಿಗೆವರೆಗೂ ನೀರು ತುಂಬ್ತಾರೇನ್ರೀ ಯಾರಾದ್ರೂ?"

ಗಿರಾಕಿಗೆ ಹೇಳುತ್ತಿದ್ದಾಳೆ. ನನಗಲ್ಲ. ಫೋನನ್ನು ಎಡಗಣ್ಣಿಗೆ ಹತ್ತಿರ ಹಿಡಿದು ಹಸಿರು ಪಟ್ಟಿ ಓದಿದೆ. ಇವಳ ಹೆಸರು. ಕರೆ ಹೋಗಿ ಬಹಳ ಹೊತ್ತಾಗಿತ್ತು.

ಆಗ ಹೊಳೆಯಿತು. ಐಗ್ಲಾಸ್! ಕ್ಯಾಮೆರಾಕ್ಕೆ ಅದರ ಹಿಂದಿನ ಕಣ್ಣು ಕಾಣುವುದಿಲ್ಲ. ನಾನು ಬಲಗಣ್ಣು ಮುಚ್ಚಿದೆ ಎಂದುಕೊಳ್ಳುತ್ತದೆ. ದಿನಕ್ಕೆ ಎಷ್ಟು ಸಲ ಐಗ್ಲಾಸ್ ಹಾಕುತ್ತೇನೋ ಅಷ್ಟು ಸಲ ಇವಳಿಗೆ ಕರೆ. ಸೆಟ್ ಮಾಡಿದವಳಿಗೂ ಹೊಳೆದಿಲ್ಲ, ಮಾಡಿಸಿಕೊಂಡ ನನಗೂ ಇಲ್ಲ. ವಾಲ್ಯೂಮ್ ತಗ್ಗಿಸಿದ ಮಹಾನುಭಾವ ನಾನೇ.

ಅಂದರೆ ಗುರುವಾರದಿಂದ ಇವಳು ಎಲ್ಲ ಕೇಳಿದ್ದಾಳೆ. ಸ್ಕ್ರೂ ಹುಡುಕಿದ್ದು. ಎರಡು ಸಲ ಒಂದೇ ತೂತು ತಪ್ಪಿಸಿ ನನ್ನನ್ನೇ ಬೈದುಕೊಂಡದ್ದು. ಶುಕ್ರವಾರ ಗಡಿಯಾರದ ಬ್ಯಾಲೆನ್ಸ್ ಚಕ್ರ ಕೂರಿಸುವಾಗ, ಕಣ್ಣಿಗೆ ಹಾಲು ಚೆಲ್ಲಿದ ಹಾಗೆ ಆಗಿ, "ಇನ್ನೊಂದು ಸ್ವಲ್ಪ ದಿನ ಕೈ ಬಿಡ್ಬೇಡಪ್ಪ" ಎಂದು ನನ್ನ ಕಣ್ಣಿಗೆ ನಾನೇ ಅಂಗಲಾಚಿದ್ದು. ಅದನ್ನೂ.

ಒಂದೇ ಒಂದು ಸಲ ಕಟ್ ಮಾಡಿಲ್ಲ. ಕೈ ಮಣ್ಣಾಗಿದ್ದರೂ ಎತ್ತಿಕೊಂಡಿದ್ದಾಳೆ.

ನಾಚಿಕೆಯಾಯಿತು. ಕರೆ ನಿಲ್ಲಿಸಲು ಬೆರಳು ಚಾಚಿದೆ. ಅಷ್ಟರಲ್ಲಿ ಆ ಕಡೆ ಗಿರಾಕಿ ಹೋದ ಹಾಗಾಯಿತು. ಪೈಪಿನ ನೀರಿನ ಸದ್ದು. ಇವಳು ಏನೋ ಗುನುಗುತ್ತಿದ್ದಳು. ಮನೆಯಲ್ಲಿ ಗುನುಗಿ ಎಷ್ಟು ಕಾಲವಾಯಿತೋ.

ನಿಲ್ಲಿಸಲಿಲ್ಲ. ವಾಲ್ಯೂಮ್ ಒಂದು ಗೀಟು ಏರಿಸಿದೆ.

ಮಾರ್ಚ್ 11, ಬುಧವಾರ

ಐಗ್ಲಾಸ್ ಬೇಡದ ಕೆಲಸಕ್ಕೂ ಐಗ್ಲಾಸ್ ಹಾಕುತ್ತಿದ್ದೇನೆ. ಗಡಿಯಾರದ ಪಟ್ಟಿ ಬದಲಿಸಲು. ಗಾಜು ಒರೆಸಲು. ಇವತ್ತು ಟೀ ಕುಡಿಯುವಾಗಲೂ ಹಾಕಿಕೊಂಡಿದ್ದೆ. ಮೊಬೈಲಿನವಳು ಕಿಟಕಿಯಿಂದ ನೋಡಿ, "ಟೀಲಿ ಏನಾದ್ರೂ ಬಿತ್ತಾ ಅಂಕಲ್?" ಎಂದಳು.

ನನಗೆ ಗೊತ್ತಾಗಿದೆ ಎಂಬುದು ಇವಳಿಗೆ ಗೊತ್ತಿಲ್ಲ. ಈ ವಯಸ್ಸಿನಲ್ಲಿ ಕದ್ದು ಕೇಳುವ ಸುಖ. ಇವಳು ಗಿಡಗಳನ್ನು ಬೈಯುವ ಪರಿ ನೋಡಬೇಕು — ಹೂ ಬಿಡದ ಒಂದಕ್ಕೆ, "ತಿನ್ನೋದಕ್ಕೆ ಮುಂದೆ, ಕೆಲಸಕ್ಕೆ ಹಿಂದೆ" ಎಂದು ಗದರಿದಳು. ಒಂದು ಕ್ಷಣ ನನಗೇ ಅಂದದ್ದೇನೋ ಎಂದು ನೆಟ್ಟಗೆ ಕೂತೆ.

ಮಧ್ಯಾಹ್ನ ಯಾರೋ ಹೆಂಗಸು ಕೇಳಿದಳು, ನಿಮ್ಮ ಯಜಮಾನರು ಏನ್ ಮಾಡ್ತಾರೆ. ಇವಳು ಹೇಳಿದಳು: "ಗಡಿಯಾರ ರಿಪೇರಿ. ಮಾತು ಒರಟು, ಕೈ ಮೃದು. ಅವರು ಮಾಡಿಕೊಟ್ಟ ಗಡಿಯಾರ ಇವತ್ತಿನ ತನಕ ಒಂದೂ ವಾಪಸ್ ಬಂದಿಲ್ಲ."

ನನ್ನ ಮುಂದೆ ಯಾವತ್ತೂ ಹೀಗೆ ಹೇಳಿದವಳಲ್ಲ. ಹೇಳಿದ್ದರೆ ನಾನೇ ಏನಾದರೂ ಕೊಂಕು ತೆಗೆಯುತ್ತಿದ್ದೆ, ಅದೂ ನಿಜ. ಇವಳನ್ನು ಕಂಡರೆ ನನಗೆ ಬಹಳ ಇಷ್ಟ. ಬರೆಯುವುದು ಸುಲಭ.

ಮನೆಗೆ ಹೋದರೆ ಅದೇ ಕಳ್ಳಿ. "ಅನ್ನ ಬೇಕಾ ಅಂತ ಕೇಳು." "ಬೇಡ ಅಂತ ಹೇಳು."

ನರ್ಸಮ್ಮನ ಗಡಿಯಾರ ಮುಗಿಸಿ ಕೊಟ್ಟೆ.

ಮಾರ್ಚ್ 13, ಶುಕ್ರವಾರ

ಎಲ್ಲ ಹಾಳಾಯಿತು. ಒಳ್ಳೆಯದು ಮಾಡಲು ಹೋಗಿ ಮಾಡಿದಳು ಮೊಬೈಲಿನ ಪುಣ್ಯಾತ್ಗಿತ್ತಿ.

ಬ್ಯಾಟರಿ ಯಾಕೆ ನಿಲ್ಲುತ್ತಿಲ್ಲ ನೋಡು ಎಂದು ಹೋದ ವಾರ ನಾನೇ ಹೇಳಿದ್ದೆ. ಮರೆತಿದ್ದೆ. ಇವತ್ತು ಫೋನು ತೆಗೆದುಕೊಂಡು ಹೋಗಿ ನೋಡಿದಳು. ಓಡಿ ಬಂದಳು. "ಅಯ್ಯೋ ಅಂಕಲ್, ಇದು ದಿನಾ ಆಂಟಿಗೆ ಫೋನ್ ಮಾಡ್ತಾನೇ ಇದೆ. ಐಗ್ಲಾಸ್ ಹಾಕಿದ್ರೆ ಕಣ್ಣು ಮುಚ್ಚಿದೀರಿ ಅಂದ್ಕೊಂಡಿದೆ. ಅವರು ಕೆಲಸ ಬಿಟ್ಟು ಎತ್ಕೊಂಡು ಎಷ್ಟು ಬೇಜಾರು ಮಾಡ್ಕೊಂಡ್ರೋ ಏನೋ. ತೆಗೆದುಹಾಕಿದೀನಿ ಬಿಡಿ."

ತೆಗೆಯಬೇಡ ಎನ್ನಬೇಕಿತ್ತು. ಬಾಯಿಂದ ಬಂದದ್ದು: "ಒಳ್ಳೇದಾಯ್ತು ಬಿಡು."

ಆಮೇಲೆ ಐಗ್ಲಾಸ್ ಹಾಕಿದೆ. ತೆಗೆದೆ. ಹಾಕಿದೆ. ಹಸಿರು ಪಟ್ಟಿ ಇಲ್ಲ. ಇಂಗು ತಿಂದ ಮಂಗನ ಹಾಗೆ ಕೂತೆ.

ಬೆರಳಿನಿಂದಲೇ ಫೋನ್ ಮಾಡಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಮಾಡಬಹುದಿತ್ತು. ಮಾಡಿ ಏನು ಹೇಳುವುದು? ಇವಳು ಮಾತಾಡುವುದಿಲ್ಲ. ನನಗೆ ಬರುವುದಿಲ್ಲ.

ಮಾರ್ಚ್ 16, ಸೋಮವಾರ

ಶನಿವಾರ, ಭಾನುವಾರ ಕಳ್ಳಿಗೂ ಸುದ್ದಿ ಇಲ್ಲ. ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ನಾನೇ ಬೇಕೆಂದು ಫೋನು ನಿಲ್ಲಿಸಿದೆ, ತನ್ನನ್ನು ಹೊರಗಿಟ್ಟು ಕದ ಹಾಕಿಕೊಂಡೆ ಎಂದು ತಿಳಿದಿದ್ದಾಳೆ. ಮುಖ ನೋಡಿದರೆ ಗೊತ್ತಾಗುತ್ತದೆ. ಸಿಟ್ಟಿನ ಮುಖ ಬೇರೆ, ಇದು ಬೇರೆ. ಸಿಟ್ಟಿನ ಮುಖವಾದರೆ ತಡೆದುಕೊಳ್ಳಬಲ್ಲೆ.

ಇವತ್ತು ನರ್ಸಮ್ಮ ಬಂದರು. ಗಡಿಯಾರ ಬೆಂಚಿನ ಮೇಲಿಟ್ಟರು.

"ಬೇಜಾರು ಮಾಡ್ಕೋಬೇಡಿ. ನಡೆಯತ್ತೆ, ಆಮೇಲೆ ನಿಲ್ಲತ್ತೆ. ಸೆಕೆಂಡಿನ ಮುಳ್ಳು ನಿಮಿಷದ ಮುಳ್ಳಿಗೆ ತಾಗತ್ತೆ ಅನ್ಸತ್ತೆ."

ತಾಗುತ್ತಿತ್ತು. ಅವರಿಗೆ ಬರಿಗಣ್ಣಿಗೆ ಕಂಡದ್ದು ನನಗೆ ಐಗ್ಲಾಸಿನಲ್ಲಿ ಕಂಡಿಲ್ಲ. ಎರಡು ಮುಳ್ಳಿನ ನಡುವೆ ಕೂದಲೆಳೆಯಷ್ಟು ಜಾಗ ಬಿಡಬೇಕು. ಬಿಟ್ಟಿದ್ದೇನೆ ಎಂದುಕೊಂಡಿದ್ದೆ. ಫೋಟೋ ಎಷ್ಟು ದೊಡ್ಡದು ಮಾಡಿದರೇನು, ಕೂರಿಸಬೇಕಾದದ್ದು ಈ ಕಣ್ಣೇ.

ಒಂದೂ ವಾಪಸ್ ಬಂದಿಲ್ಲ ಎಂದಿದ್ದಳು ಇವಳು. ಬಂತು.

"ನಾನಿರೋದು ಕಣ್ಣಿನ ವಾರ್ಡಲ್ಲೇ" ಎಂದರು ನರ್ಸಮ್ಮ ಹೋಗುವಾಗ. "ಬಂದ್ರೆ ಹೇಳಿ." ಇವರಿಗೂ ಗೊತ್ತಾಗಿದೆ. ಊರಿಗೆಲ್ಲ ಗೊತ್ತು, ನನಗೊಬ್ಬನಿಗೇ ಕಾಣಿಸುತ್ತಿಲ್ಲ.

ಮಾರ್ಚ್ 17, ಮಂಗಳವಾರ

ಬರೆಯುತ್ತೇನೆ.

ಅಪ್ಪನೂ ಇದೇ ಬೆಂಚಿನಲ್ಲಿ ಕೂತವನು. ಅವನಿಗೂ ಬಲಗಣ್ಣಿಗೆ ಪೊರೆ ಬಂತು. ಆಪರೇಷನ್ ಮಾಡಿದರು. ಕಾಲ ಬೇರೆ, ಔಷಧಿ ಬೇರೆ, ಕಟ್ಟು ಬಿಚ್ಚಿದಾಗ ಕತ್ತಲೆ. ಇನ್ನೊಂದು ಕಣ್ಣೂ ಅದರ ಹಿಂದೆಯೇ ಹೋಯಿತು. ಆಮೇಲೂ ಅಂಗಡಿಗೆ ಬರುತ್ತಿದ್ದ. ಗಡಿಯಾರ ಕಿವಿಗೆ ಹಿಡಿದು ಏನು ಕೆಟ್ಟಿದೆ ಎಂದು ಹೇಳುತ್ತಿದ್ದ. ಸರಿಯಾಗಿಯೇ ಹೇಳುತ್ತಿದ್ದ. ಆದರೆ ಯಾರೂ ಅವನ ಕೈಗೆ ಕೆಲಸ ಕೊಡಲಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಕೇಳುತ್ತಿದ್ದ: "ಬೆಳಕಾಯ್ತಾ?" ದಿನಾ. ಅಮ್ಮ ಆಯ್ತು ಎನ್ನುವ ತನಕ ಹಾಸಿಗೆಯಲ್ಲೇ ಕೂತಿರುತ್ತಿದ್ದ.

ನನಗೆ ಚಾಕುವಿನ ಭಯ ಇಲ್ಲ. ಆ ಪ್ರಶ್ನೆಯ ಭಯ. ಮಂಜಾಗಿಯಾದರೂ ಕಾಣುತ್ತಿದೆಯಲ್ಲ, ಇರುವುದನ್ನೂ ಯಾಕೆ ಕಳೆದುಕೊಳ್ಳುವುದು ಎಂದು. ಇಷ್ಟನ್ನು ಹೆಂಡತಿಗೆ ಹೇಳಲಾಗದ ಗಂಡಸು ನಾನು. ಹಠಮಾರಿ ಎಂದುಕೊಳ್ಳಲಿ, ಹೇಡಿ ಎಂದುಕೊಳ್ಳುವುದು ಬೇಡ ಎಂದು ಇಷ್ಟು ದಿನ ಕಳೆದೆ.

ಸಂಜೆ ಮೊಬೈಲಿನವಳ ಕಿಟಕಿ ತಟ್ಟಿದೆ.

"ಆ ಬಲಗಣ್ಣಿಂದು ಮತ್ತೆ ಹಾಕಿಕೊಡ್ತೀಯಾ?"

"ಎಮರ್ಜೆನ್ಸಿದಾ? ಎಡಗಣ್ಣು ಮುಚ್ಚೋದು ಅಭ್ಯಾಸ ಮಾಡ್ಕೊಳ್ಳಿ, ಅದಕ್ಕೆ ಹಾಕ್ತೀನಿ ಅಂಕಲ್. ಬಲಗಣ್ಣಿಗಾದ್ರೆ ಐಗ್ಲಾಸ್ ಹಾಕಿದಾಗೆಲ್ಲ ಮತ್ತೆ ಹೋಗತ್ತೆ."

"ಬಲಗಣ್ಣಿಗೇ ಹಾಕು."

ನನ್ನ ಮುಖ ನೋಡಿದಳು. ಏನೋ ಗೇಲಿ ಮಾಡುತ್ತಾಳೆ ಎಂದು ಕಾದೆ. ಮಾಡಲಿಲ್ಲ. ಫೋನು ಇಸಿದುಕೊಂಡಳು.

ಮಾರ್ಚ್ 18, ಬುಧವಾರ. ಹನ್ನೊಂದು ಗಂಟೆ

ಐಗ್ಲಾಸ್ ಹಾಕಿದೆ. ಹಸಿರು ಪಟ್ಟಿ ಬಂತು.

ಎತ್ತುತ್ತಾಳೋ ಇಲ್ಲವೋ. ರಿಂಗ್ ಆಗಿ ಆಗಿ, ಇನ್ನೇನು ನಿಲ್ಲಬೇಕು, ಎತ್ತಿದಳು. ಹಲೋ ಎನ್ನಲಿಲ್ಲ. ನೀರಿನ ಸದ್ದು ಕೇಳಿತು.

ಮುಂದೆ ನರ್ಸಮ್ಮನ ಗಡಿಯಾರ ಇತ್ತು. ಅದಕ್ಕೇ ಹೇಳಿದೆ. ಇವಳಿಗೆ ಕಳ್ಳಿ, ನನಗೆ ಗಡಿಯಾರ. "ನೋಡಪ್ಪ, ನಿನ್ನನ್ನ ನಾನೇ ಕೆಡಿಸಿದ್ದು. ಯಾಕೆ ಗೊತ್ತಾ?" ಎಂದು ಶುರು ಮಾಡಿದೆ. ನಿನ್ನೆ ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಅಪ್ಪನ ಕಟ್ಟು, ಕಿವಿಗೆ ಹಿಡಿದ ಗಡಿಯಾರ, ಬೆಳಕಾಯ್ತಾ. ಗಡಿಯಾರ ಪಾಪ ಸುಮ್ಮನೆ ಕೇಳಿತು. ಕೊನೆಗೆ ಹೇಳಿದೆ, "ಫೋನು ನಾನು ನಿಲ್ಲಿಸಿದ್ದಲ್ಲ. ಅದು ಪಕ್ಕದವಳ ಉಪಕಾರ. ನಂಗೆ ಆಗಲೇ ಗೊತ್ತಿತ್ತು, ಆ ಕಡೆ ಯಾರಿದ್ದಾರೆ ಅಂತ. ಕೇಳ್ತಾ ಕೂತಿದ್ದೆ."

ನೀರಿನ ಸದ್ದು ನಿಂತಿತು.

ಆಮೇಲೆ ಇವಳ ದನಿ ಬಂತು, ಸ್ವಲ್ಪ ಒಡೆದು. ಯಾವುದೋ ಸಸಿಗೆ ಹೇಳುತ್ತಿದ್ದಳು. ಆಣೆ ಆಣೆಯೇ.

"ಕೇಳಿದ್ಯಾ? ಇಷ್ಟಕ್ಕೆ ಇಷ್ಟು ದಿನ. ನಾನು ಬಾಗಿಲಲ್ಲೇ ಕೂತಿರ್ತೀನಿ ಅಂತ ಹೇಳು ಅವರಿಗೆ. ಕಟ್ಟು ಬಿಚ್ಚೋವಾಗ ಪಕ್ಕದಲ್ಲೇ ಇರ್ತೀನಿ ಅಂತ ಹೇಳು. ಬೆಳಕಾಯ್ತಾ ಅಂತ ಅವರು ಕೇಳೋದೇ ಬೇಡ. ಕೇಳೋಕೆ ಮುಂಚೆ ನಾನೇ ಹೇಳ್ತೀನಿ ಅಂತ ಹೇಳು."

ಐಗ್ಲಾಸ್ ಒಳಗೆಲ್ಲ ಮಬ್ಬು. ಈ ಸಲ ಪೊರೆಯದ್ದಲ್ಲ.

"ಶುಕ್ರವಾರ ಡಾಕ್ಟರ ಹತ್ರ ಹೋಗಿ ದಿನ ಗೊತ್ತು ಮಾಡ್ಕೊಂಡು ಬರ್ತೀನಿ ಅಂತ ಹೇಳು" ಎಂದೆ, ಗಡಿಯಾರಕ್ಕೆ.

"ನಾನೂ ಬರ್ತೀನಿ ಅಂತ ಹೇಳು" ಎಂದಳು, ಸಸಿಗೆ.

ಪ್ಲೈವುಡ್ಡಿನ ಆ ಕಡೆ ಯಾರೋ ಮೂಗು ಸೀಟಿದರು. ಆ ಹುಡುಗಿಗೆ ಯಾವಾಗಲೂ ನೆಗಡಿ.

ಮಾರ್ಚ್ 26, ಗುರುವಾರ. ಸಂಜೆ, ಆಸ್ಪತ್ರೆ

ಆಯಿತು. ಬಲಗಣ್ಣಿಗೆ ಬಿಳಿ ಪಟ್ಟಿ. ಎಡಗಣ್ಣಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಎತ್ತಿನ ಹೆಜ್ಜೆಯಷ್ಟು ದೊಡ್ಡದು. ಬರೆಯಬಾರದಂತೆ. ನರ್ಸಮ್ಮ ಆ ಕಡೆ ಹೋಗಿದ್ದಾರೆ.

ಬೆಳಿಗ್ಗೆ ಬಸ್ಸಿನಲ್ಲಿ ಇವಳ ಮಡಿಲಲ್ಲಿ ಕಳ್ಳಿಗಿಡ. ಚೀಲದಲ್ಲಿ ಇಟ್ಟರೆ ಮುಳ್ಳು ಮುರಿಯುತ್ತದಂತೆ. ಆಪರೇಷನ್ ಆಗುವ ತನಕ ಮಾತಿಲ್ಲ ಎಂದಮೇಲೆ ಇಲ್ಲ. ಆದರೆ ಹೇಳಬೇಕಾದದ್ದು ಬೇಕಾದಷ್ಟಿತ್ತು. "ಹೆದರ್ಕೋಬೇಡಿ ಅಂತ ಹೇಳು. ಕೈ ಯಾಕೆ ಹೀಗೆ ತಣ್ಣಗಿದೆ ಅಂತ ಕೇಳು." ಹೇಳುವುದು ಕಳ್ಳಿಗೆ, ಹಿಡಿದದ್ದು ನನ್ನ ಕೈ. ಎದುರು ಸೀಟಿನವರು ಎದ್ದು ಬೇರೆ ಕಡೆ ಹೋಗಿ ಕೂತರು.

ಒಳಗೆ ಏನೂ ನೋವಾಗಲಿಲ್ಲ. ಹೊರಗೆ ತಂದು ಮಲಗಿಸಿದರು. ಮಂಚದ ಪಕ್ಕದ ಸ್ಟೂಲಿನಲ್ಲಿ ಇವಳು, ಅವಳ ಪಕ್ಕದ ಕಿಟಕಿಯಲ್ಲಿ ಕಳ್ಳಿ. ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ಮಾತು ಯಾರು ಶುರು ಮಾಡುವುದು ಎಂದು ಇಬ್ಬರಿಗೂ ಸಂಕೋಚ. ಹೊಸ ಮದುಮಕ್ಕಳೂ ಇದಕ್ಕಿಂತ ವಾಸಿ. ಟೈಮ್ ನೋಡೋಣ ಎಂದು ಫೋನು ತೆಗೆದು ಎದೆ ಮೇಲೆ ನಿಲ್ಲಿಸಿಕೊಂಡೆ.

ಇವಳ ಚೀಲದಲ್ಲಿ ಫೋನು ಹೊಡೆದುಕೊಂಡಿತು.

ತೆಗೆದು ನೋಡಿದಳು. ಕಟ್ ಮಾಡಿದಳು. ಮತ್ತೆ ಹೊಡೆದುಕೊಂಡಿತು. ಮತ್ತೆ ಕಟ್. ಮತ್ತೆ. ಅಭ್ಯಾಸಬಲ, ಒಂದು ಸಲ ಎತ್ತಿಯೇಬಿಟ್ಟಳು — ಎರಡು ಫೋನೂ ಅಕ್ಕಪಕ್ಕ, ಕುಯ್ಯೋ ಎಂದು ವಾರ್ಡೆಲ್ಲ ಕೇಳುವ ಹಾಗೆ ಅರಚಿದವು. ಬಿಳಿ ಪಟ್ಟಿ ಕಂಡು ನನ್ನ ಫೋನಿಗೆ ಬಲಗಣ್ಣು ಮುಚ್ಚಿದೆ, ಎಮರ್ಜೆನ್ಸಿ, ಬಿಡಲೊಲ್ಲದು. ನರ್ಸಮ್ಮ ಬಾಗಿಲಲ್ಲಿ ನಿಂತು ಕಣ್ಣು ಬಿಟ್ಟರು.

ಆಗ ಇವಳು ನನ್ನ ಕಡೆ ತಿರುಗಿದಳು. ಕಳ್ಳಿಯ ಕಡೆ ಅಲ್ಲ, ನನ್ನ ಕಡೆ. "ಏನ್ರೀ ನೀವು, ಎಷ್ಟು ಸಲ ಫೋನ್ ಮಾಡ್ತೀರಿ? ಪಕ್ಕದಲ್ಲೇ ಇದೀನಲ್ರೀ."

ನಗಬಾರದು, ಕಣ್ಣಿಗೆ ಒತ್ತಡ ಬೀಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಆಗಲಿಲ್ಲ. ಇವಳು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾರ್ಚ್ 27, ಶುಕ್ರವಾರ

ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಡಾಕ್ಟರು ಮೆಲ್ಲಗೆ ಅಂಟು ಕೀಳತೊಡಗಿದರು. ಕೇಳಬಾರದು ಎಂದುಕೊಂಡಿದ್ದರೂ ನಾಲಿಗೆಯ ತುದಿಗೆ ಬಂದಿತ್ತು.

"ಬೆಳಕಾಯ್ತು ಕಣ್ರೀ" ಎಂದಳು ಇವಳು.

ಕಣ್ಣು ಬಿಟ್ಟೆ. ಆಗಿತ್ತು.

ಗೋಡೆ ಇಷ್ಟು ಬಿಳಿ ಎಂದು ಗೊತ್ತಿರಲಿಲ್ಲ. ಇವಳ ಉಗುರಿನ ಸಂದಿಯ ಮಣ್ಣು ಕಂಡಿತು. ಕಿವಿಯ ಹತ್ತಿರ ಕೂದಲು ನೆರೆತದ್ದು ಕಂಡಿತು. ಇದು ಯಾವಾಗ ಆಯಿತು ಎಂದು ಕೇಳಿದೆ. "ನೀವು ನೋಡೋದು ಬಿಟ್ಮೇಲೆ" ಎಂದಳು. ಅಪ್ಪ ನೆನಪಾದ. ಅವನಿಗೂ ಇದು ಸಿಗಬೇಕಿತ್ತು.

ಏಪ್ರಿಲ್ 22, ಬುಧವಾರ. ಅಂಗಡಿ

ಇವತ್ತು ಐಗ್ಲಾಸ್ ಹಾಕಬಹುದು ಎಂದರು. ಅಂಗಡಿಗೆ ಬಂದು ಮೊದಲು ನರ್ಸಮ್ಮನ ಗಡಿಯಾರ. ಮುಳ್ಳಿನ ನಡುವೆ ಕೂದಲೆಳೆ ಜಾಗ. ಕಂಡಿತು. ಬಿಟ್ಟೆ. ಸೆಕೆಂಡಿನ ಮುಳ್ಳು ಎಲ್ಲಿಯೂ ತಾಗದೆ ಸುತ್ತುತ್ತಿದೆ.

ಕೆಲಸದ ಉದ್ದಕ್ಕೂ ಇವಳು ಫೋನಿನಲ್ಲಿದ್ದಳು. ಈಗ ಸಸಿಗೂ ಹೇಳುತ್ತಾಳೆ, ನನಗೂ ಹೇಳುತ್ತಾಳೆ, ಯಾವುದು ಯಾರಿಗೆ ಎಂದು ನಾನೇ ತಿಳಿದುಕೊಳ್ಳಬೇಕು. "ಈಗ ಕಣ್ಣು ಸರಿ ಹೋಯ್ತಲ್ಲ, ಬಲಗಣ್ಣಿಂದು ತೆಗೆದುಬಿಡ್ಲಾ ಅಂಕಲ್?" ಎಂದಳು ಮೊಬೈಲಿನವಳು. ನಿನ್ನ ಕೆಲಸ ನೀನು ನೋಡಿಕೋ ಎಂದೆ.

ಅವಳು ಇನ್ನೊಂದು ಕಿತಾಪತಿ ಮಾಡಿದ್ದಾಳೆ. ನಾನು ಮನೆಯಲ್ಲಿ ಕಣ್ಣಿಗೆ ಔಷಧಿ ಬಿಟ್ಟುಕೊಂಡು ಮಲಗಿದ್ದಾಗ ಇವಳ ಫೋನಿಗೂ ಮುಖದ ಪಾಠ ಹೇಳಿಕೊಟ್ಟಿದ್ದಾಳೆ. ಕೈ ಮಣ್ಣಲ್ಲವೇ, ಅದಕ್ಕೆ ಅಂತೆ. ಮುಖದಲ್ಲಿ ಏನೋ ಒಂದು ಮಾಡಿದರೆ ನನಗೆ ಕರೆ ಬರುತ್ತದೆ. ಏನು ಎಂದು ಕೇಳಿದರೆ ಇವಳು ಕಳ್ಳಿಗೆ, "ಹೇಳ್ಬೇಡ ಅವರಿಗೆ" ಎಂದಳು. ಮೊಬೈಲಿನವಳೂ ಬಾಯಿ ಬಿಡುವುದಿಲ್ಲ. ದಿನಕ್ಕೆ ಹತ್ತಾರು ಸಲ ಬರುತ್ತದೆ. ಎತ್ತಿದರೆ, "ಏನಿಲ್ಲ, ತಾನಾಗೇ ಬಂತು" ಎನ್ನುತ್ತಾಳೆ. ಹುಬ್ಬು ಗಂಟಿಕ್ಕುವುದು ಇರಬೇಕು ಎಂದು ನನ್ನ ಲೆಕ್ಕ. ನನ್ನ ನೆನಪಾದರೆ ಇವಳು ಮತ್ತೇನು ಮಾಡಿಯಾಳು.

ಈಗ ನರ್ಸಮ್ಮ ಬಂದು ಗಡಿಯಾರ ತೆಗೆದುಕೊಂಡು ಹೋದರು. ಕೈಯಲ್ಲಿ ಒಂದು ಸಸಿ ಇತ್ತು. ಇವಳ ಹತ್ತಿರವೇ ಕೊಂಡದ್ದಂತೆ. "ನಿಮ್ಮ ಮನೆಯವರು ನೀವು ಮೂಗಲ್ಲಿ ಫೋನು ಸರಿಸ್ತಿದ್ದ ಕತೆ ಹೇಳಿದ್ರು. ಹೇಳ್ತಾ ಹೇಳ್ತಾ ಎಷ್ಟು ನಕ್ರು ಅಂದ್ರೆ, ಅವರ ಫೋನು ತಾನಾಗೇ ಯಾರಿಗೋ ಹೋಗ್ಬಿಡ್ತು" ಎಂದರು.

ಆ ಕರೆ ಬಂದದ್ದು ನನಗೇ. ಹನ್ನೆರಡರ ಹೊತ್ತಿಗೆ. ಹಾಗಾದರೆ ಹುಬ್ಬು ಗಂಟಿಕ್ಕುವುದಲ್ಲ. ದಿನಕ್ಕೆ ಹತ್ತಾರು ಸಲ...

ಮತ್ತೆ ಹಸಿರು ಪಟ್ಟಿ. ನಾನು ಐಗ್ಲಾಸ್ ಹಾಕಿಲ್ಲ. ಎರಡೂ ಕಣ್ಣು ತೆರೆದೇ ಇವೆ. ಅಂದರೆ ಇವಳು ಅಲ್ಲಿ, ಈಗ, ಮಣ್ಣಿನ ಕೈ ಹಾಗೇ ಇಟ್ಟುಕೊಂಡು, ಒಬ್ಬಳೇ —